ಎಕ್ಸಿಲೇಟರ್ ಒತ್ತಿದಾಗ ಉಸಿರು ಹಿಡಿಯುವ ಕಾರು

ಹಳೆಯ ಪೆಟ್ರೋಲ್ ಕಾರುಗಳಿಗೆ ಬರುವ ಕಾಯಿಲೆಗಳಲ್ಲಿ ಒಂದು ಬಹು ವಿಚಿತ್ರವಾದುದು. ಗಾಡಿ ಒಂದೇ ಸೆಲ್ಫಿಗೆ ಚಾಲೂ ಆಗುತ್ತದೆ. ನಿಂತಲ್ಲೇ ಗುರುಗುಡುತ್ತಿರುವಾಗ ಯಾವ ದೋಷವೂ ಕಾಣಿಸದು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಮನಾಗಿ ಓಡುತ್ತಿರುವಾಗಲೂ ಕಾಣಿಸದು. ಆದರೆ ಎಕ್ಸಿಲೇಟರನ್ನು ಥಟ್ಟನೆ ಒತ್ತಿದಿರೋ, ಮುಂದಕ್ಕೆ ಚಿಮ್ಮಬೇಕಾದ ಗಾಡಿ ಒಂದು ಕ್ಷಣ ಉಸಿರು ಹಿಡಿದುಕೊಂಡಂತೆ ನಿಂತು, ಮುಗ್ಗರಿಸಿ, ಆಮೇಲೆ ಓಡುತ್ತದೆ. ನಮ್ಮ ಕಡೆಯ ಮಿಸ್ತ್ರಿಗಳು ಇದಕ್ಕೆ "ಪಿಕಪ್ ತೊಗೊಳವಲ್ದು" ಎನ್ನುತ್ತಾರೆ. 34 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನಗೆ ಇದನ್ನು ಕಂಡಾಗಲೆಲ್ಲ ನೆನಪಾಗುವವನು ಉತ್ತರ ಗೊತ್ತಿದ್ದೂ ಹೆಸರು ಹಿಡಿದು ಕರೆದೊಡನೆ ತಡವರಿಸುವ ವಿದ್ಯಾರ್ಥಿ. ಅವನಿಗೆ ಪಾಠ ಬರುವುದಿಲ್ಲವೆಂದು ತೀರ್ಮಾನಿಸಿ ಹಿಂದಿನ ಬೆಂಚಿಗೆ ಕಳಿಸುವ ಮಾಸ್ತರರೂ ಇದ್ದಾರೆ. ಇಂಥ ಗಾಡಿಯನ್ನು ಕಂಡ ಕೂಡಲೇ ಕಾರ್ಬೋರೇಟರನ್ನೇ ಬದಲಿಸಿ ಎನ್ನುವ ಮೆಕ್ಯಾನಿಕರೂ ಇದ್ದಾರೆ.

ನನ್ನ ಬಳಿ ಇರುವುದು 1988ರ ಅಂಬಾಸಿಡರ್ ಮಾರ್ಕ್ 4. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟಾರ್ಸಿನವರು ಬಂಗಾಳದ ಉತ್ತರಪಾರಾದಲ್ಲಿ ದಶಕಗಳ ಕಾಲ ತಯಾರಿಸಿ, 2014ರ ಮೇ ತಿಂಗಳಲ್ಲಿ ನಿಲ್ಲಿಸಿದ ಗಾಡಿ ಇದು. 1489 ಸಿ.ಸಿ. ಎಂಜಿನ್ನು, ಸೋಲೆಕ್ಸ್ ಕಾರ್ಬೋರೇಟರ್. 1999ರಲ್ಲಿ ರಾಯಚೂರಿನ ಹತ್ತಿ ದಲಾಲರೊಬ್ಬರಿಂದ ಕೊಂಡೆ. ಅಂದಿನಿಂದ ಗಬ್ಬೂರಿನ ನಮ್ಮ ಮನೆಯ ಮುಂದಿನ ಬೇವಿನ ಮರದ ನೆರಳು ಅದರದೇ. ಊರನ್ನು ಅರಿಯದವರಿಗೆ ಒಂದು ಮಾತು: ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿರುವ ಗಬ್ಬೂರು ಹಳೆಯ ಗುಡಿಗಳ, ಶಾಸನಗಳ ಊರು. ಗೋಪುರಗ್ರಾಮವೆಂಬುದು ಅದರ ಹಿಂದಿನ ಹೆಸರು. ಶಾಸನ ನೋಡಲು ಬರುವ ವಿದ್ವಾಂಸರು ನನ್ನ ಅಂಬಾಸಿಡರನ್ನೂ ಒಂದು ಸುತ್ತು ಹಾಕಿ ನೋಡಿ ಹೋಗುವುದುಂಟು.

"ಅಪ್ಪಾ, ಅದನ್ನ ತೂಕಕ್ಕ ಹಾಕಿಬಿಡ್ರಿ" ಎಂದು ಬೆಂಗಳೂರಿನಲ್ಲಿರುವ ಮಗ ಪ್ರತಿ ದೀಪಾವಳಿಗೂ ಹೇಳುತ್ತಾನೆ. ಅವನ ಲೆಕ್ಕ ತಪ್ಪೆನ್ನುವಂತಿಲ್ಲ. ಹದಿನೈದು ವರ್ಷ ತುಂಬಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2023ರಲ್ಲಿ ಅಷ್ಟನ್ನೂ ಕಟ್ಟಿ ಬಂದೆ. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದು 10,000 ಆಗಿದೆ. ಆದರೂ ಗಾಡಿಯನ್ನು ಉಳಿಸಿಕೊಂಡಿರುವುದಕ್ಕೆ ನಮ್ಮ ಅಕ್ಕ ಕಾರಣ.

ಅಕ್ಕನಿಗೆ 78 ವರ್ಷ. ಸಕ್ಕರೆ ಕಾಯಿಲೆಯಿಂದ ಎಡಗಣ್ಣು ಬಹುತೇಕ ಹೋಗಿದೆ. ಬಲಗಣ್ಣಿನ ಅಕ್ಷಿಪಟಲವನ್ನು ಉಳಿಸಿಕೊಳ್ಳಲು ತಿಂಗಳಿಗೊಮ್ಮೆ ರಾಯಚೂರಿಗೆ ಹೋಗಿ ಕಣ್ಣಿನೊಳಗೇ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ತಪ್ಪಿಸಿದರೆ ಹೊಣೆ ತಮ್ಮದಲ್ಲವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಮೊಣಕಾಲಿನ ನೋವಿನಿಂದ ಅವಳಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗದು. ಈಗಿನ ಕಾರುಗಳಲ್ಲಿ ಕೂಡಬೇಕಾದರೆ ತಲೆ ತಗ್ಗಿಸಿ, ಸೊಂಟ ಬಗ್ಗಿಸಿ, ಬಾವಿಗೆ ಇಳಿದಂತೆ ಇಳಿಯಬೇಕು. ಅಂಬಾಸಿಡರಿನ ಸೀಟು ಕುರ್ಚಿಯಷ್ಟು ಎತ್ತರ, ಬಾಗಿಲು ಅಗಲ. "ಇದರಾಗ ಕುಂತ್ರ ಮನ್ಯಾಗ ಪಡಸಾಲ್ಯಾಗ ಕುಂತಂಗ ಆಗ್ತದ" ಎನ್ನುತ್ತಾಳೆ. ಬಾಡಿಗೆ ಕಾರು ತರಿಸುವೆನೆಂದರೆ, "ಹಂಗಾದ್ರ ಈ ಸಲ ಬ್ಯಾಡ, ಮುಂದಿನ ತಿಂಗಳಾ ನೋಡಮು" ಎಂಬುದು ಅವಳ ಸಿದ್ಧ ಉತ್ತರ. ಆ ಮುಂದಿನ ತಿಂಗಳಿಗೆ ಕಣ್ಣು ಕಾಯಬೇಕಲ್ಲ!

2025ರ ನವೆಂಬರ್‌ನಲ್ಲಿ ಕಾಯಿಲೆ ಜೋರಾಯಿತು. ಅದು ಭತ್ತದ ಸುಗ್ಗಿಯ ಕಾಲ. ನಮ್ಮ ರಸ್ತೆಗಳಲ್ಲಿ ಹಗಲಿರುಳು ಭತ್ತದ ಲಾರಿಗಳು. ಅಡ್ಡರಸ್ತೆಯಿಂದ ದೊಡ್ಡ ರಸ್ತೆಗೆ ಏರುವಲ್ಲಿ, ಬರುತ್ತಿರುವ ಲಾರಿಯ ದೂರವನ್ನು ಕಣ್ಣಳತೆಯಲ್ಲಿ ಅಳೆದು, ಫಸ್ಟ್ ಗೇರಿನಲ್ಲಿ ಎಕ್ಸಿಲೇಟರ್ ಒತ್ತಿದೆ. ಗಾಡಿ ರಸ್ತೆಯ ಮೇಲೆ ಅರ್ಧ ಬಂದು ನಿಂತಿತು. ಎಂಜಿನ್ ಆಫ್ ಆಗಲಿಲ್ಲ, ಒಮ್ಮೆ ಕೆಮ್ಮಿತು, ಅಷ್ಟೆ. ಲಾರಿಯವನು ಹಾರನ್ ಬಾರಿಸುತ್ತ ಬಲಕ್ಕೆ ಸರಿದು ಹೋದ. ಹಿಂದೆ ಕುಳಿತಿದ್ದ ಅಕ್ಕನಿಗೆ ಲಾರಿ ಕಾಣಲಿಲ್ಲ, ಹಾರನ್ ಮಾತ್ರ ಕೇಳಿಸಿತು. "ಯಾಕೋ ತಮ್ಮಾ, ಮದುವಿ ದಿಬ್ಬಣೇನು?" ಎಂದಳು. ನಾನು ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ. ಮುಂದಿನ ಚುಚ್ಚುಮದ್ದಿಗೆ ದಿನಾಂಕ ಗೊತ್ತಾಗಿತ್ತು. ಅಷ್ಟರೊಳಗೆ ಗಾಡಿ ಸರಿಯಾಗಬೇಕು, ಇಲ್ಲವೇ ಅಕ್ಕನನ್ನು ಒಪ್ಪಿಸಬೇಕು. ಮೊದಲನೆಯದೇ ಸುಲಭವೆಂದು ತೋರಿತು.

ಇನ್ನು ಕಾಯಿಲೆಯ ಮೂಲಕ್ಕೆ ಬರೋಣ. ಕಾರ್ಬೋರೇಟರ್ ಎಂಬುದು ಗಾಳಿಗೆ ಪೆಟ್ರೋಲು ಬೆರೆಸುವ ಪಾತ್ರೆ. ನಡುವೆ ಸಪೂರವಾದ ಗಂಟಲಿನಂಥ ಕೊಳವೆಯುಂಟು. ಗಾಳಿ ಆ ಇಕ್ಕಟ್ಟಿನಲ್ಲಿ ವೇಗವಾಗಿ ಹರಿದಾಗ ಅಲ್ಲಿ ಒತ್ತಡ ಇಳಿಯುತ್ತದೆ; ಇಳಿದ ಒತ್ತಡ ಜೆಟ್ಟಿನ ಮೂಲಕ ಪೆಟ್ರೋಲನ್ನು ಹೀರಿಕೊಳ್ಳುತ್ತದೆ. ಡೇನಿಯಲ್ ಬರ್ನೌಲಿ 1738ರಲ್ಲಿ ಬರೆದಿಟ್ಟ ತತ್ತ್ವವೇ ಇದು. ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನು ಎರಡು ಕಾಗದದ ಹಾಳೆಗಳ ನಡುವೆ ಊದಿ ತೋರಿಸುತ್ತಿದ್ದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಗಾತ್ರದಲ್ಲಿ ಹೇಳುವುದಾದರೆ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ. ಒಂದು ಸಣ್ಣ ಕೋಣೆಯ ತುಂಬ ಗಾಳಿಯನ್ನು ನುಂಗಿ ಒಂದು ಲೀಟರ್ ಮುಗಿಯುತ್ತದೆಯೆಂದರೆ ಮಕ್ಕಳು ನಂಬುತ್ತಿರಲಿಲ್ಲ. ಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಬೇಕಾಗುತ್ತಿತ್ತು.

ತೊಡಕಿರುವುದು ಗಾಳಿ ಹಗುರ, ಪೆಟ್ರೋಲು ಭಾರ ಎಂಬಲ್ಲಿ. ಎಕ್ಸಿಲೇಟರ್ ಒತ್ತಿ ಥ್ರಾಟಲಿನ ಕವಾಟ ಥಟ್ಟನೆ ತೆರೆದರೆ ಗಾಳಿ ಕೂಡಲೇ ಒಳನುಗ್ಗುತ್ತದೆ. ಪೆಟ್ರೋಲು ಜಡ, ಹಿಂದೆ ಬೀಳುತ್ತದೆ. ಅದೇ ಹೊತ್ತಿಗೆ ಕವಾಟದ ಕೆಳಗಿದ್ದ ನಿರ್ವಾತ ಕುಸಿಯುವುದರಿಂದ, ಆವಿಯಾಗಿದ್ದ ಪೆಟ್ರೋಲಿನ ಒಂದಂಶ ಮ್ಯಾನಿಫೋಲ್ಡಿನ ಗೋಡೆಗೆ ಹನಿಯಾಗಿ ಅಂಟಿಕೊಳ್ಳುತ್ತದೆ. ಪರಿಣಾಮವಾಗಿ ಸಿಲಿಂಡರಿಗೆ ಸೇರುವುದು ಗಾಳಿ ಹೆಚ್ಚಿ ಪೆಟ್ರೋಲು ಕಡಿಮೆಯಾದ ಬಡ ಮಿಶ್ರಣ. ಈ ಅರೆಗಳಿಗೆಯ ಬರವನ್ನು ತುಂಬಲೆಂದೇ ಸೋಲೆಕ್ಸಿನಂಥ ಕಾರ್ಬೋರೇಟರುಗಳ ಮಗ್ಗುಲಿಗೆ ಒಂದು ಪುಟ್ಟ ಪಂಪನ್ನು ಜೋಡಿಸಿರುತ್ತಾರೆ. ಎಕ್ಸಿಲೇಟರಿನ ಕಡ್ಡಿಯೇ ಅದನ್ನು ಅದುಮುತ್ತದೆ. ಒಳಗಿನ ರಬ್ಬರಿನ ಡಯಾಫ್ರಾಮು ಒಂದು ಗುಟುಕು ಪೆಟ್ರೋಲನ್ನು ಸಣ್ಣ ನಳಿಗೆಯಿಂದ ಗಂಟಲಿಗೆ ಚಿಮ್ಮಿಸುತ್ತದೆ. ಹಳೆಯ ಎಸ್.ಯು. ಕಾರ್ಬೋರೇಟರಿನಲ್ಲಿ ಈ ಪಂಪಿಲ್ಲ. ಅಲ್ಲಿ ಎಣ್ಣೆಯಲ್ಲಿ ಮುಳುಗಿದ ಪಿಸ್ಟನ್ನು ನಿಧಾನವಾಗಿ ಮೇಲೇಳುತ್ತ ಅದೇ ಕೆಲಸವನ್ನು ಬೇರೆ ಬಗೆಯಲ್ಲಿ ಮಾಡುತ್ತದೆ. ಅಂಥ ಗಾಡಿಯವರು ಎಕ್ಸಿಲೇಟರ್ ಒತ್ತಿದಾಗ ಮುಗ್ಗರಿಸಿದರೆ ಮೊದಲು ಆ ಎಣ್ಣೆಯ ಮಟ್ಟ ನೋಡಿಕೊಳ್ಳಬೇಕು.

ರಾಯಚೂರಿನಲ್ಲಿ ನಾನು ನಂಬಿರುವ ಮಿಸ್ತ್ರಿ ಒಬ್ಬರೇ. ಎಪ್ಪತ್ತು ದಾಟಿದವರು, ಎಲ್ಲರಿಗೂ ಅವರು ಉಸ್ತಾದ್. ನಿಜಾಮರ ಕಾಲದ ಉರ್ದು ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇಂದಿಗೂ ಜೀವಂತವಾಗಿದೆ. ಸ್ಪ್ಯಾನರ್ ಅವರಿಗೆ ಪಾನಾ, ಸ್ಕ್ರೂಡ್ರೈವರ್ ಪೇಚಕಸ್, ಪೆಟ್ರೋಲಿನಲ್ಲಿ ಬಂದ ಕಸ ಕಚರಾ. ಅವರ ಮಗ ಈಗ ಹೊಸ ಕಾರುಗಳಿಗೆ ಸ್ಕ್ಯಾನರ್ ಜೋಡಿಸಿ ಪರದೆಯ ಮೇಲೆ ದೋಷದ ಸಂಖ್ಯೆ ಓದುತ್ತಾನೆ. ನನ್ನ ಗಾಡಿಗೆ ಆ ಸ್ಕ್ಯಾನರ್ ಚುಚ್ಚಲು ಜಾಗವೇ ಇಲ್ಲ.

"ಉಸ್ತಾದ್, ಕಾರ್ಬೋರೇಟರ್ ಬಿಚ್ಚಬೇಕೇನ್ರಿ?" ಎಂದೆ.

"ಮದ್ಲ ಕರೆಂಟ್ ನೋಡಾಮು ಮಾಸ್ತರ್ರ. ಮಂದಿ ಕಾರ್ಬೋರೇಟರಿಗೆ ಬಯ್ತಾರ, ತಪ್ಪು ಪಾಯಿಂಟಿನ್ದು ಇರ್ತದ. ಬಿಚ್ಚಾದು ಯಾವಾಗಿದ್ರೂ ಅದ."

ಹೀಗೆ ಅಗ್ಗದ್ದರಿಂದ ತುಟ್ಟಿಯದಕ್ಕೆ ಹೋಗುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಓಡಿಸಿ ನೋಡುವುದು ನಮ್ಮಿಬ್ಬರಿಗೂ ಒಪ್ಪಿಗೆಯಾಗಿದ್ದ ಕ್ರಮ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗಾಡಿ ಸರಿಯಾಗಬಹುದು, ಆದರೆ ಯಾವುದರಿಂದ ಸರಿಯಾಯಿತೆಂಬುದು ಗೊತ್ತಾಗುವುದಿಲ್ಲ. ಮತ್ತೆ ಕೆಟ್ಟಾಗ ಪುನಃ ನಾಲ್ಕಕ್ಕೂ ಹಣ ತೆರಬೇಕು.

ಡಿಸ್ಟ್ರಿಬ್ಯೂಟರ್ ಪಾಯಿಂಟಿನ ಅಂತರ 15 ಥೌ ಇರಬೇಕು, ಎಂದರೆ ಸುಮಾರು 0.38 ಮಿ.ಮೀ. ಅದು ಸರಿಯಿತ್ತು. ಪ್ಲಗ್ಗುಗಳನ್ನು ಬಿಚ್ಚಿದರೆ ತುದಿಗಳು ಬೂದಿಯಂತೆ ಬೆಳ್ಳಗಿದ್ದವು. ಸರಿಯಾದ ಮಿಶ್ರಣ ಉರಿದಿದ್ದರೆ ಕಾಫಿಪುಡಿಯ ತಿಳಿಕಂದು ಇರುತ್ತದೆ. ಪೆಟ್ರೋಲು ಹೆಚ್ಚಾಗಿದ್ದರೆ ಕಪ್ಪು ಮಸಿ. ಬಿಳಿ ಎಂದರೆ ಬಡ ಮಿಶ್ರಣ. ಇದು ಮೊದಲ ಸುಳಿವು. ಬಡತನಕ್ಕೆ ಎರಡೇ ದಾರಿ: ಪೆಟ್ರೋಲು ಕಡಿಮೆ ಬರುತ್ತಿರಬೇಕು, ಇಲ್ಲವೇ ಎಲ್ಲಿಂದಲೋ ಕಳ್ಳಗಾಳಿ ಸೇರುತ್ತಿರಬೇಕು.

ಕಳ್ಳಗಾಳಿಯನ್ನು ಹಿಡಿಯಲು ಉಸ್ತಾದರು ಎಂಜಿನ್ ಚಾಲೂ ಇಟ್ಟು ಕಾರ್ಬೋರೇಟರಿನ ಬುಡದ ಗ್ಯಾಸ್ಕೆಟ್ಟಿನ ಸುತ್ತ ಎಣ್ಣೆಕುಪ್ಪಿಯಿಂದ ಹನಿ ಹನಿ ಎಣ್ಣೆ ಬಿಟ್ಟರು. ಅಲ್ಲಿ ಸಂದಿದ್ದರೆ ಎಣ್ಣೆ ಅದನ್ನು ಮುಚ್ಚಿ ಎಂಜಿನ್ನಿನ ಸದ್ದು ಬದಲಾಗಬೇಕು, ಬದಲಾಗಲಿಲ್ಲ. ಅನಂತರ ಡಿಸ್ಟ್ರಿಬ್ಯೂಟರಿಗೆ ಹೋಗುವ ವ್ಯಾಕ್ಯೂಮ್ ಪೈಪನ್ನು ಕಿತ್ತು, ಬಾಯಲ್ಲಿಟ್ಟು ಹೀರಿ ನಾಲಗೆಯಿಂದ ಮುಚ್ಚಿ ಹಿಡಿದರು. ಒಳಗಿನ ತಟ್ಟೆ ಸರಿದು ಅಲ್ಲೇ ನಿಂತರೆ ಡಯಾಫ್ರಾಮು ಗಟ್ಟಿ, ಹಿಂದಕ್ಕೆ ಬಂದರೆ ತೂತು. ತಟ್ಟೆ ನಿಂತಿತು. ಆದರೆ ಪೈಪಿನ ಕೊನೆಯ ರಬ್ಬರು ಬಿಸಿಲಿಗೆ ಬಿರುಕು ಬಿಟ್ಟಿತ್ತು. ಬದಲಿಸಿ ಓಡಿಸಿದೆವು. ಮುಗ್ಗರಿಕೆ ತುಸು ತಗ್ಗಿತು, ಹೋಗಲಿಲ್ಲ.

ನಮ್ಮ ಸೀಮೆಯ ಬೇಸಿಗೆಯಲ್ಲಾಗಿದ್ದರೆ ಇನ್ನೊಂದು ಅನುಮಾನವೂ ಇರುತ್ತಿತ್ತು. 40 ಡಿಗ್ರಿ ದಾಟಿದ ಮಧ್ಯಾಹ್ನಗಳಲ್ಲಿ ಪೆಟ್ರೋಲು ಪಂಪಿನಲ್ಲೇ ಆವಿಯಾಗಿ ದಾರಿ ಕಟ್ಟಿಕೊಳ್ಳುತ್ತದೆ. ಹಿಂದೆ ಅಂಬಾಸಿಡರ್ ಡ್ರೈವರುಗಳು ಏಪ್ರಿಲ್ ಮೇ ತಿಂಗಳಲ್ಲಿ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿಕೊಂಡೇ ಹೊರಡುತ್ತಿದ್ದರು. ಕಾರ್ತಿಕದ ತಂಪಿನಲ್ಲಿ, ಅದೂ ಬೆಳಗಿನ ಏಳಕ್ಕೆ, ಆ ಮಾತು ಬರುವುದಿಲ್ಲ.

ಇನ್ನುಳಿದದ್ದು ಪಂಪಿನ ಪರೀಕ್ಷೆ. ಇದನ್ನು ಯಾವ ಸಲಕರಣೆಯೂ ಇಲ್ಲದೆ ಯಾರಾದರೂ ಮನೆಯಲ್ಲೇ ಮಾಡಿಕೊಳ್ಳಬಹುದು. ಎಂಜಿನ್ ಪೂರ್ತಿ ಆರಿಸಿ, ತಣ್ಣಗಾಗಲು ಬಿಟ್ಟು, ಏರ್ ಕ್ಲೀನರ್ ತೆಗೆದು ಕಾರ್ಬೋರೇಟರಿನ ಗಂಟಲೊಳಗೆ ಬ್ಯಾಟರಿ ಬೆಳಕು ಬಿಡಬೇಕು. (ಉಸ್ತಾದರು ಬೀಡಿಯನ್ನು ಆರಿಸಿ ಹೊರಗೆ ಎಸೆದು ಬಂದರು, ಅದನ್ನು ಹೇಳಲೇಬೇಕು.) ಬಳಿಕ ಥ್ರಾಟಲಿನ ಕಡ್ಡಿಯನ್ನು ಕೈಯಿಂದ ಎಳೆದರೆ, ಎಳೆದ ಕ್ಷಣವೇ ನಳಿಗೆಯಿಂದ ಪೆಟ್ರೋಲು ನೇರ ಗೆರೆಯಾಗಿ ಚಿಮ್ಮಬೇಕು. ನಮ್ಮದರಲ್ಲಿ ಕಡ್ಡಿ ಅರ್ಧ ದಾರಿ ಬಂದ ಮೇಲೆ ಎಳೆಮಗುವಿನ ಜೊಲ್ಲಿನಂತೆ ಎರಡು ಹನಿ ಇಳಿಯಿತು.

"ಸಿಕ್ತು ನೋಡ್ರಿ ಕಳ್ಳ" ಎಂದರು ಉಸ್ತಾದ್.

ಪಂಪು ಬಿಚ್ಚಿದಾಗ ಕಂಡದ್ದು ಹರಿದ ಡಯಾಫ್ರಾಮಲ್ಲ. ಅದು ನೆನೆದ ಹಪ್ಪಳದಂತೆ ಉಬ್ಬಿ, ಅಂಚು ಸುಕ್ಕಾಗಿ, ಬಿಗಿ ಕಳೆದುಕೊಂಡಿತ್ತು. ಒತ್ತಿದ ಬಲವೆಲ್ಲ ಅದರ ಸಡಿಲಿನಲ್ಲೇ ಮುಗಿದುಹೋಗುತ್ತಿತ್ತು. ಪೆಟ್ರೋಲು ಹಿಂದಕ್ಕೆ ಹೋಗದಂತೆ ತಡೆಯುವ ಪುಟ್ಟ ಗುಂಡು ಬಿಳಿಯ ಪುಡಿಯಲ್ಲಿ ಹೂತು ಅಂಟಿಕೊಂಡಿತ್ತು. ತಳದ ಬಟ್ಟಲಿನಲ್ಲೂ ಅದೇ ಪುಡಿ. ಉಸ್ತಾದರು ಅದನ್ನು ಉಗುರಿನಿಂದ ಕೆರೆದು ತೋರಿಸಿ, "ಇದು ಧೂಳಲ್ರಿ. ಮೈಯಾಗಿಂದಾ ಹುಟ್ಟೈತಿ. ಈಗಿನ ಪೆಟ್ರೋಲಿನಾಗ ನೀರು ಕುಡಿಯೋದೇನೋ ಅದ" ಎಂದರು. ಜೆಟ್ಟುಗಳನ್ನು ಸೈಕಲ್ ಪಂಪಿನ ಗಾಳಿಯಿಂದ ಊದಿದರು. ಪಕ್ಕದ ಹುಡುಗ ಸೂಜಿ ತಂದಾಗ ಗದರಿಸಿ ಕಳಿಸಿದರು. ಹಿತ್ತಾಳೆಯ ಜೆಟ್ಟಿನ ರಂಧ್ರ ಸೂಜಿಯಿಂದ ಕೂದಲೆಳೆಯಷ್ಟು ಹಿಗ್ಗಿದರೂ ಅಳತೆ ಕೆಡುತ್ತದೆ.

ಉಸ್ತಾದರು ಹೇಳಿದ "ನೀರು ಕುಡಿಯೋದು" ಎಥನಾಲ್. ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ 2003ರಿಂದ ಪೆಟ್ರೋಲಿಗೆ ಶೇ. 5ರಷ್ಟು ಎಥನಾಲ್ ಬೆರೆಸುವ ಯೋಜನೆ ಆರಂಭವಾಯಿತು. 2022ರ ಹೊತ್ತಿಗೆ ದೇಶದಲ್ಲಿ ಅದು ಶೇ. 10 ಮುಟ್ಟಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಶೇ. 20ರ ಪೆಟ್ರೋಲಿಗೆ ಚಾಲನೆ ದೊರೆಯಿತು. 2025ರಲ್ಲಿ ಎಲ್ಲೆಡೆ ಅದೇ ಆಯಿತು. ಕೇಳಿದ್ದನ್ನು ಹಾಗೇ ನಂಬುವ ಅಭ್ಯಾಸ ನನಗಿಲ್ಲವಾದ್ದರಿಂದ ಮನೆಯಲ್ಲಿ ಉಳಿದಿದ್ದ 100 ಮಿ.ಲೀ. ಅಳತೆ ಜಾಡಿಯಲ್ಲಿ 20 ಮಿ.ಲೀ. ನೀರು, ಅದರ ಮೇಲೆ 80 ಮಿ.ಲೀ. ಪೆಟ್ರೋಲು ಹಾಕಿ, ಕುಲುಕಿ, ಅಂಗಳದ ನೆರಳಿನಲ್ಲಿ ಇಟ್ಟೆ. ಕಾಲು ಗಂಟೆಯಲ್ಲಿ ಕೆಳಗಿನ ನೀರಿನ ಪದರ 20ರ ಗೆರೆಯಿಂದ 35ರ ಹತ್ತಿರಕ್ಕೆ ಏರಿತ್ತು. ಏರಿದಷ್ಟೂ ಪೆಟ್ರೋಲನ್ನು ಬಿಟ್ಟು ನೀರಿನ ಕಡೆ ಸೇರಿದ ಎಥನಾಲ್. ಲೆಕ್ಕದ ಪ್ರಕಾರ 16 ಮಿ.ಲೀ. ಇರಬೇಕು, ಹಿತ್ತಲ ಪ್ರಯೋಗಕ್ಕೆ ಇಷ್ಟು ನಿಖರತೆ ಸಾಕು.

ಎಥನಾಲ್ ಹಳೆಯ ಕಾರ್ಬೋರೇಟರಿಗೆ ಮೂರು ಬಗೆಯಲ್ಲಿ ತೊಂದರೆ ಕೊಡುತ್ತದೆ. ಹಳೆಯ ಕಾಲದ ರಬ್ಬರನ್ನು ಉಬ್ಬಿಸುತ್ತದೆ. ಗಾಳಿಯ ತೇವವನ್ನು ಹೀರಿ, ಗಾಡಿ ವಾರಗಟ್ಟಲೆ ನಿಂತರೆ ನೀರನ್ನು ತಳಕ್ಕಿಳಿಸಿ ಲೋಹವನ್ನು ತಿನ್ನುತ್ತದೆ. ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ: ಎಥನಾಲ್ ಉರಿಯಲು ತೂಕದ 9 ಪಟ್ಟು ಗಾಳಿಯೇ ಸಾಕು. ಅದೇ ಜೆಟ್ಟು, ಅದೇ ಗಾಳಿ ಇದ್ದಾಗ ಮಿಶ್ರಣ ತಾನಾಗಿಯೇ ಬಡವಾಗುತ್ತದೆ. ಹೊಸ ಕಾರಿನ ಕಂಪ್ಯೂಟರು ಹೊಗೆಯನ್ನು ಮೂಸಿ ಪೆಟ್ರೋಲು ಹೆಚ್ಚಿಸಿಕೊಳ್ಳುತ್ತದೆ. 1988ರ ಹಿತ್ತಾಳೆ ಜೆಟ್ಟಿಗೆ ಮೂಗಿಲ್ಲ.

ಹಾಗೆಂದು ಎಥನಾಲನ್ನೇ ಶಪಿಸುವವರ ಗುಂಪಿಗೆ ನಾನು ಸೇರಲಾರೆ. ಕಬ್ಬು, ಮೆಕ್ಕೆಜೋಳ, ನುಚ್ಚಕ್ಕಿಯಿಂದ ಅದು ತಯಾರಾಗುತ್ತದೆ; ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕಂಡ ನಮ್ಮ ತಾಲ್ಲೂಕಿನ ರೈತನ ಫಸಲಿಗೆ ಇನ್ನೊಬ್ಬ ಗಿರಾಕಿ ಸಿಕ್ಕರೆ ಸಂತೋಷವೇ. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯವು ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಬದಲಿಸಬೇಕಾಗಬಹುದೆಂದೂ, ಅದು ದುಬಾರಿಯಲ್ಲವೆಂದೂ ಹೇಳಿತು. ದುಬಾರಿಯಲ್ಲ ಎಂಬುದು ದಿಟ. ಆ ರಬ್ಬರು ಸಿಗಬೇಕಲ್ಲ ಎಂಬುದು ನನ್ನ ಮಾತು. ತಯಾರಿಕೆ ನಿಂತ ಗಾಡಿಯ ಡಯಾಫ್ರಾಮನ್ನು ಹುಡುಕಿಕೊಂಡು ಅಕ್ಕನ ವಯಸ್ಸಿನವರು ಯಾವ ಅಂಗಡಿಗೆ ಹೋಗಬೇಕು?

ಹೈದರಾಬಾದಿನಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಎರಡು ಬೇರೆ ಬೇರೆ ತಯಾರಿಕೆಯ ರಿಪೇರಿ ಕಿಟ್ಟುಗಳನ್ನು ತರಿಸಿದೆವು, ಪ್ರತಿಯೊಂದರಲ್ಲೂ ಎರಡೆರಡು ಡಯಾಫ್ರಾಮು. ಹಾಕುವ ಮೊದಲು ಪರೀಕ್ಷಿಸಬೇಕೆಂದು ನಾನು ಹಟ ಹಿಡಿದೆ. ಎರಡರಿಂದಲೂ ಒಂದೊಂದನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು, ನಮ್ಮ ಬಂಕಿನ ಪೆಟ್ರೋಲು ತುಂಬಿದ ಗಾಜಿನ ಬಾಟಲಿಗಳಲ್ಲಿ ನಾಲ್ಕು ದಿನ ಮುಳುಗಿಸಿಟ್ಟೆ. ಉಪ್ಪಿನಕಾಯಿಯ ಬಾಟಲಿಗಳು ಕಾಣೆಯಾದದ್ದಕ್ಕೆ ಮನೆಯಾಕೆ ಮಾಡಿದ ವಿಚಾರಣೆಯನ್ನು ಇಲ್ಲಿ ಬರೆಯುವುದಿಲ್ಲ. ಐದನೆಯ ದಿನ ತೆಗೆದು ಗೆರೆಯ ಮೇಲಿಟ್ಟರೆ ಒಂದು ಗೆರೆಯಾಚೆಗೆ ಚಾಚಿ ಅಲೆಯಾಗಿತ್ತು. ಇನ್ನೊಂದು ಗೆರೆಯೊಳಗೇ ಇತ್ತು. ಆ ಎರಡನೆಯ ಕಿಟ್ಟಿನ ಒಣ ಡಯಾಫ್ರಾಮು ಗಾಡಿಗೆ ಹೋಯಿತು. ನಳಿಗೆಯಿಂದ ಪೆಟ್ರೋಲು ಗೆರೆ ಎಳೆದಂತೆ ಚಿಮ್ಮಿತು.

ಇನ್ನೂ ಒಂದು ಬಾಕಿಯಿತ್ತು. ಐಡಲ್ ಮಿಶ್ರಣದ ಸ್ಕ್ರೂವನ್ನು ಯಾರೋ ಬಹುಮಟ್ಟಿಗೆ ಮುಚ್ಚಿಬಿಟ್ಟಿದ್ದರು. ಹೊಗೆ ತಪಾಸಣೆಯಲ್ಲಿ ಅಂಕಿ ತಗ್ಗಿಸಲು ಇದು ಹಲವರು ಬಳಸುವ ಸುಲಭೋಪಾಯ. ಪ್ರಮಾಣಪತ್ರ ಸಿಗುತ್ತದೆ, ರಸ್ತೆಯ ಮೇಲೆ ಗಾಡಿ ಮುಗ್ಗರಿಸುತ್ತದೆ. ಇಂಥ ಹಳೆಯ ಕಾರುಗಳಿಗೆ ಇಂಗಾಲದ ಮಾನಾಕ್ಸೈಡಿನ ಮಿತಿ ಶೇ. 3. ಎಂಜಿನ್ ಬಿಸಿಯಾದ ಮೇಲೆ ಉಸ್ತಾದರು ಕಿವಿಗೊಟ್ಟು ಕೇಳುತ್ತ ಅರ್ಧ ಸುತ್ತು ಬಿಚ್ಚಿದರು. ಮತ್ತೆ ತಪಾಸಣೆ ಮಾಡಿಸಿದೆ: 2.6 ಬಂತು. ಕಾನೂನಿಗೂ ಒಪ್ಪಿತು, ಎಂಜಿನ್ನಿಗೂ ಒಪ್ಪಿತು.

ನಿಗದಿಯ ದಿನ ಬೆಳಿಗ್ಗೆ ಏಳಕ್ಕೆ ಹೊರಟೆವು. ಅಡ್ಡರಸ್ತೆಯ ಬಾಯಲ್ಲಿ ಎರಡು ಭತ್ತದ ಲಾರಿಗಳನ್ನು ಬಿಟ್ಟು, ಮೂರನೆಯದು ದೂರವಿರುವಾಗ ಒತ್ತಿದೆ. ಗಾಡಿ ಹೋಯಿತು. ಹಿಂದಿನಿಂದ ಅಕ್ಕ, "ಸಾವಕಾಶ ಹೊಡಿಯೋ, ನನಗೇನು ಅವಸರಿಲ್ಲ" ಎಂದಳು. ಚುಚ್ಚುಮದ್ದು ಆಯಿತು. ಬಲಗಣ್ಣಿನ ಊತ ಕಳೆದ ಸಲಕ್ಕಿಂತ ಇಳಿದಿದೆಯೆಂದು ವೈದ್ಯರು ಹೇಳಿದರು. ಮುಂದಿನದು ಐದು ವಾರಕ್ಕೆ.

ಉಳಿದ ಒಳ್ಳೆಯ ಡಯಾಫ್ರಾಮಿನಲ್ಲಿ ಬಾಟಲಿಯಲ್ಲಿ ಮುಳುಗಿದ್ದುದನ್ನು ಹಾಗೇ ಪೆಟ್ರೋಲಿನಲ್ಲಿ ಬಿಟ್ಟು, ಮುಚ್ಚಳದ ಮೇಲೆ ದಿನಾಂಕ ಬರೆದು ಹಿತ್ತಲಿನ ಗೂಡಿನಲ್ಲಿ ಇಟ್ಟಿದ್ದೇನೆ. ತಿಂಗಳಿಗೊಮ್ಮೆ ತೆಗೆದು ಅದೇ ಪೆನ್ಸಿಲ್ ಗೆರೆಯ ಮೇಲೆ ಇಟ್ಟು ನೋಡುತ್ತೇನೆ. ಅದು ಗೆರೆ ದಾಟಿದ ದಿನ ಗಾಡಿಯ ಒಳಗಿರುವುದನ್ನೂ ಬಿಚ್ಚಿ ನೋಡುವುದೆಂದು ಉಸ್ತಾದರೊಡನೆ ಮಾತಾಗಿದೆ.